ಮೊಲದ ಕಿವಿಗೆ ಕೇಳಿಸದ ಡಿಜಿಟಲ್ ದನಿ

2009ರ ಜೂನ್ 12, ಶುಕ್ರವಾರ. ಅಮೆರಿಕದ ಫಿಲಡೆಲ್ಫಿಯಾ ನಗರದ ಆರನೇ ಚಾನೆಲ್ ಅಂದು ತನ್ನ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಪೂರ್ತಿ ಡಿಜಿಟಲ್ ಆಯಿತು. ಸ್ಥಳೀಯ ಸುದ್ದಿಗಾಗಿ ಆ ಊರಿನವರು ದಶಕಗಳಿಂದ ನೆಚ್ಚಿಕೊಂಡಿದ್ದ ಚಾನೆಲ್ ಅದು. ಬದಲಾವಣೆಗೆ ಸಿದ್ಧರಾಗಿ ಎಂದು ಸರ್ಕಾರ ವರ್ಷಕ್ಕೂ ಮೊದಲಿನಿಂದ ಡಂಗುರ ಸಾರಿತ್ತು. ಜನ ಸಿದ್ಧರಾಗಿಯೂ ಇದ್ದರು. ಸರ್ಕಾರಿ ಕೂಪನ್ ತರಿಸಿಕೊಂಡು, ಅಂಗಡಿಯಿಂದ ಪರಿವರ್ತಕ ಪೆಟ್ಟಿಗೆ ತಂದು ಹಳೆಯ ಟಿ.ವಿ.ಗೆ ಜೋಡಿಸಿಕೊಂಡಿದ್ದರು. ಆದರೂ ಅಂದು ಸಾವಿರಾರು ಮನೆಗಳಲ್ಲಿ ಉಳಿದ ಚಾನೆಲ್‌ಗಳು ಬಂದವು, ಆರನೆಯದು ಬರಲಿಲ್ಲ.

ತಾರಸಿಯ ಮೇಲೆ ದೊಡ್ಡ ಆಂಟೆನಾ ನಿಲ್ಲಿಸಿಕೊಂಡವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ಕೇಬಲ್ ಹಾಕಿಸಿಕೊಂಡವರಿಗಂತೂ ಏನಾಯಿತೆಂಬುದೇ ಗೊತ್ತಾಗಲಿಲ್ಲ. ಪೇಚಿಗೆ ಸಿಕ್ಕಿದವರು ಟಿ.ವಿ. ಪೆಟ್ಟಿಗೆಯ ನೆತ್ತಿಯ ಮೇಲೆ ಎರಡು ಕಡ್ಡಿಗಳ ಪುಟ್ಟ ಆಂಟೆನಾ ಇಟ್ಟುಕೊಂಡವರು. ಅಮೆರಿಕನ್ನರು ಆ ಆಂಟೆನಾವನ್ನು 'ಮೊಲದ ಕಿವಿ' ಎಂದು ಕರೆಯುತ್ತಾರೆ.

ಇದು ಒಂದು ಊರಿನ ಒಂದು ದಿನದ ಎಡವಟ್ಟು ಎನಿಸಬಹುದು. ಆದರೆ ಕೋಣೆಯೊಳಗಿನ ಈ ಆಂಟೆನಾದ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆಕಾಶದಿಂದ ಪುಕ್ಕಟೆಯಾಗಿ ಬರುವ ಟಿ.ವಿ.ಯನ್ನು ನೋಡುವವನು ಯಾರು, ಅವನ ಆಂಟೆನಾ ಎಲ್ಲಿರುತ್ತದೆ ಎಂದು ಯೋಜನೆ ಹಾಕುವವರು ಮೊದಲೇ ಒಂದು ಊಹೆ ಮಾಡಿಕೊಳ್ಳಬೇಕು. ಅಮೆರಿಕ ಒಂದು ಬಗೆಯಾಗಿ ಊಹಿಸಿತು, ಜರ್ಮನಿ ಇನ್ನೊಂದು ಬಗೆಯಾಗಿ. ಫಲವೂ ಬೇರೆ ಬೇರೆಯಾಯಿತು.

ಅಲೆಯ ಅಳತೆ

ನಮ್ಮಲ್ಲಿ ಆಂಟೆನಾ ಎಂದರೆ ಕಣ್ಣಿಗೆ ಬರುವುದು ಮನೆಯ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿದ್ದ ಅಲ್ಯೂಮಿನಿಯಂ ಕಡ್ಡಿಗಳ ಸಾಲು. 1987-88ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಗುವ ಹೊತ್ತಿಗೆ ಒಬ್ಬರು ತಾರಸಿ ಹತ್ತಿ ಅದನ್ನು ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು 'ಇನ್ನೂ ಸ್ವಲ್ಪ, ಹಾಂ, ನಿಲ್ಸು' ಎಂದು ಕೂಗುವುದು ಎಷ್ಟೋ ಮನೆಗಳ ವಾರದ ಪದ್ಧತಿಯಾಗಿತ್ತು. ಮಲೆನಾಡಿನಲ್ಲಿ ಅದನ್ನು ಉದ್ದನೆಯ ಬಿದಿರಿನ ಗಳುವಿಗೆ ಕಟ್ಟಿ ಗುಡ್ಡದ ಅಂಚಿನಿಂದ ಆಚೆಗೆ ಇಣುಕುವಂತೆ ಮಾಡುತ್ತಿದ್ದರು. ಆ ಆಂಟೆನಾದ ಹೆಸರು ಯಾಗಿ-ಉಡ. ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾಲಯದಲ್ಲಿದ್ದ ಶಿಂತಾರೊ ಉಡ ಮತ್ತು ಹಿಡೆಟ್ಸುಗು ಯಾಗಿ 1926ರಲ್ಲಿ ಅದನ್ನು ರೂಪಿಸಿದರು. ತಮಾಷೆಯೆಂದರೆ ಅದರ ಬೆಲೆ ಮೊದಲು ಜಪಾನಿಗೇ ತಿಳಿದಿರಲಿಲ್ಲ. 1942ರಲ್ಲಿ ಸಿಂಗಪುರವನ್ನು ಗೆದ್ದ ಜಪಾನಿ ಸೈನಿಕರಿಗೆ ಬ್ರಿಟಿಷರ ರೇಡಾರ್ ಟಿಪ್ಪಣಿಯಲ್ಲಿ 'ಯಾಗಿ' ಎಂಬ ಪದ ಸಿಕ್ಕಿತು. ಹಾಗೆಂದರೇನು ಎಂದು ಸೆರೆಸಿಕ್ಕ ಬ್ರಿಟಿಷ್ ತಂತ್ರಜ್ಞನನ್ನು ಕೇಳಿದಾಗ, ಅದು ನಿಮ್ಮವರೇ ಆದ ಪ್ರೊಫೆಸರರ ಹೆಸರು ಎಂಬ ಉತ್ತರ ಬಂತು ಎಂಬ ಪ್ರಸಂಗವನ್ನು ಯಾಗಿ ಕುರಿತ ಬರಹಗಳೆಲ್ಲ ನೆನೆಯುತ್ತವೆ.

ಆಂಟೆನಾದ ಒಳಗೆ ಯಾವ ಮಂತ್ರವೂ ಇಲ್ಲ. ಅದು ಲೋಹದ ಕಡ್ಡಿ, ಅಷ್ಟೆ. ಗಾಳಿಯಲ್ಲಿ ಬರುವ ವಿದ್ಯುತ್ಕಾಂತೀಯ ಅಲೆ ಅದಕ್ಕೆ ತಾಗಿದಾಗ ಕಡ್ಡಿಯಲ್ಲಿ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಕಡ್ಡಿಯ ಉದ್ದ ಅಲೆಯ ಉದ್ದದ ಅರ್ಧದಷ್ಟಿದ್ದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಫಿಲಡೆಲ್ಫಿಯಾದ ಆರನೇ ಚಾನೆಲ್ಲಿನ ಅಲೆ ಸೆಕೆಂಡಿಗೆ ಸುಮಾರು 8.5 ಕೋಟಿ ಸಲ ಕಂಪಿಸುತ್ತದೆ. ಅದರ ಉದ್ದ ಸುಮಾರು ಮೂರೂವರೆ ಮೀಟರ್. ಅರ್ಧವೆಂದರೆ 1.75 ಮೀಟರ್, ಹೆಚ್ಚುಕಡಿಮೆ ಒಬ್ಬ ಆಳಿನ ಎತ್ತರ. ಇದು ವಿಎಚ್‌ಎಫ್ ಎನ್ನುವ ಗುಂಪಿಗೆ ಸೇರಿದ್ದು. ಯುಎಚ್‌ಎಫ್ ಗುಂಪಿನ 44ನೇ ಚಾನೆಲ್ಲಿನ ಅಲೆಯೋ ಅರ್ಧ ಮೀಟರಿಗಿಂತ ಚಿಕ್ಕದು. ಅದಕ್ಕೆ 23 ಸೆಂಟಿಮೀಟರ್, ಅಂದರೆ ಒಂದು ಗೇಣು ಕಡ್ಡಿ ಸಾಕು.

ಕೋಣೆಯೊಳಗೆ ಒಂದು ಗೇಣಿನ ಆಂಟೆನಾ ಇಡುವುದು ಸುಲಭ. ಆಳೆತ್ತರದ್ದನ್ನು ಇಡುವುದು ಕಷ್ಟ. ಮೊಲದ ಕಿವಿಗಳನ್ನು ಪೂರ್ತಿ ಹಿರಿದು ಅಡ್ಡಡ್ಡ ಚಾಚಿದರೆ ಆ ಉದ್ದ ದೊರಕಬಹುದು. ಆದರೆ ಇಷ್ಟು ಉದ್ದನೆಯ ಅಲೆಗೆ ಮನೆಯೊಳಗಿನ ಮಿಕ್ಸಿ, ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟುಗಳು ಹೊರಡಿಸುವ ವಿದ್ಯುತ್ ಗದ್ದಲದ ಕಾಟವೂ ಹೆಚ್ಚು. ಜೂನ್ 12ರ ಹಿಂದಿನ ದಿನದವರೆಗೆ ಆರನೇ ಚಾನೆಲ್ಲಿನ ಡಿಜಿಟಲ್ ಪ್ರಸಾರ ತಾತ್ಕಾಲಿಕವಾಗಿ ಯುಎಚ್‌ಎಫ್‌ನ 64ನೇ ಸ್ಥಾನದಲ್ಲಿತ್ತು. ಪೆಟ್ಟಿಗೆ ಇದ್ದವರಿಗೆ ಸಲೀಸಾಗಿ ಬರುತ್ತಿತ್ತು. ಅನಲಾಗ್ ನಿಂತ ಕೂಡಲೇ ಡಿಜಿಟಲ್ ಪ್ರಸಾರವನ್ನು ಆರನೇ ಸ್ಥಾನಕ್ಕೇ ತಂದರು, ಅದೂ ಕೇವಲ 7.56 ಕಿಲೋವಾಟ್ ಶಕ್ತಿಯಲ್ಲಿ. ತಾರಸಿಯ ಲೆಕ್ಕದಲ್ಲಿ ಅದು ಸಾಕಾಗುವಂತಿತ್ತು. ಕೋಣೆಯ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಬಾಡಿಗೆದಾರನ ಆಂಟೆನಾ

ಮೊಲದ ಕಿವಿ ಹುಟ್ಟಿದ್ದೇ ಬಾಡಿಗೆ ಮನೆಗಾಗಿ ಎಂದರೆ ಅತಿಶಯೋಕ್ತಿಯಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಟಿ.ವಿ. ಮಾರಾಟ ನಾಗಾಲೋಟದಲ್ಲಿ ಏರಿತು. ಸ್ವಂತ ಮನೆಯಿದ್ದವನು ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದ. ನ್ಯೂಯಾರ್ಕಿನಂಥ ಊರಿನ ಬಹುಮಹಡಿ ಕಟ್ಟಡದಲ್ಲಿ ಎರಡು ಕೋಣೆ ಹಿಡಿದವನಿಗೆ ಆ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಕಟ್ಟಡದ ನೆತ್ತಿ ಮಾಲೀಕನದು. ಐವತ್ತು ಬಾಡಿಗೆದಾರರು ಐವತ್ತು ಕಂಬ ನೆಟ್ಟು, ಐವತ್ತು ತಂತಿ ಇಳಿಬಿಡುವುದನ್ನು ಯಾವ ಮಾಲೀಕ ಒಪ್ಪಿಯಾನು? ಹೀಗಾಗಿ ಆಂಟೆನಾ ಕೋಣೆಯೊಳಗೆ ಬಂತು. ಮೊಲದ ಕಿವಿಯ ಜನಕ ಎಂಬ ಕೀರ್ತಿಯನ್ನು ಸಾಮಾನ್ಯವಾಗಿ ನ್ಯೂಯಾರ್ಕ್ ಕಡೆಯ ಮಾರ್ವಿನ್ ಮಿಡ್ಲ್‌ಮಾರ್ಕ್ ಎಂಬಾತನಿಗೆ ಕೊಡುತ್ತಾರೆ. 1950ರ ದಶಕದಲ್ಲಿ ಆತ ಅದನ್ನು ಮಾರಿ ಸಿರಿವಂತನಾದ. ಆದರೆ ಎರಡು ಕಡ್ಡಿಯ ಆ ಸೂತ್ರ, ರೇಡಿಯೋ ಅಲೆಗಳನ್ನು ಮೊದಲು ತೋರಿಸಿಕೊಟ್ಟ ಹೈನ್ರಿಷ್ ಹರ್ಟ್ಸ್‌ನ ಕಾಲದಷ್ಟು ಹಳೆಯದು.

1952ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಯುಎಚ್‌ಎಫ್ ಚಾನೆಲ್‌ಗಳನ್ನು ತೆರೆಯಿತು. ಅವನ್ನು ಹಿಡಿಯುವ ಟಿ.ವಿ.ಗಳೇ ಕಡಿಮೆಯಿದ್ದವು. 1962ರಲ್ಲಿ ಕಾನೂನು ಮಾಡಿ, 1964ರಿಂದ ಎಲ್ಲ ಟಿ.ವಿ.ಗಳಲ್ಲೂ ಎರಡೂ ಗುಂಪು ಬರಲೇಬೇಕೆಂದು ವಿಧಿಸಬೇಕಾಯಿತು. ಮೊಲದ ಕಿವಿಯ ನಡುವೆ ಬಳೆಯಂಥ ಒಂದು ಸುತ್ತು ಸೇರಿದ್ದು ಯುಎಚ್‌ಎಫ್‌ಗಾಗಿ.

ಮಾಲೀಕ-ಬಾಡಿಗೆದಾರರ ತಂಟೆ ಅಷ್ಟಕ್ಕೇ ಮುಗಿಯಲಿಲ್ಲ. 1996ರ ದೂರಸಂಪರ್ಕ ಕಾಯ್ದೆಯ ಬೆನ್ನಿಗೆ ಬಂದ ನಿಯಮದಂತೆ ಅಮೆರಿಕದಲ್ಲಿ ಆಂಟೆನಾ ಹಾಕಬೇಡ ಎಂದು ಬಡಾವಣೆಯ ಸಂಘಗಳು ತಡೆಯುವಂತಿಲ್ಲ. ಆದರೆ ಈ ಹಕ್ಕು ನಿವಾಸಿಯ ಸ್ವಂತ ಬಳಕೆಯ ಜಾಗಕ್ಕೆ ಮಾತ್ರ. ಎಲ್ಲರಿಗೂ ಸೇರಿದ ತಾರಸಿಗೆ ಅದು ಅನ್ವಯಿಸದು. ಬಾಲ್ಕನಿ ಇದ್ದವನು ಬದುಕಿದ, ಇಲ್ಲದವನಿಗೆ ಮತ್ತೆ ಮೊಲದ ಕಿವಿಯೇ ಗತಿ.

ಆಂಟೆನಾ ಒಳಗೆ ಬರಲು ಬಾಡಿಗೆಯೊಂದೇ ಕಾರಣವಾಗಿರಲಿಲ್ಲ. ಪೂರ್ವ ಜರ್ಮನಿಯಲ್ಲಿ ಅದಕ್ಕೆ ರಾಜಕೀಯ ಕಾರಣವಿತ್ತು. ಪಶ್ಚಿಮ ಜರ್ಮನಿಯ ಟಿ.ವಿ. ಗಡಿ ದಾಟಿ ಬರುತ್ತಿತ್ತು. ತಾರಸಿಯ ಆಂಟೆನಾ ಯಾವ ಕಡೆ ಮುಖ ಮಾಡಿದೆ ಎಂದು ನೋಡಿದರೆ ಸಾಕು, ಮನೆಯವರು ಯಾರ ಸುದ್ದಿ ಕೇಳುತ್ತಾರೆಂಬುದು ಬೀದಿಗೇ ತಿಳಿಯುತ್ತಿತ್ತು. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದ ಬೆನ್ನಲ್ಲೇ ಆಳುವ ಪಕ್ಷದ ಯುವಕ ಸಂಘಟನೆಯವರು ಮನೆ ಮನೆಯ ಮೇಲೆ ಹತ್ತಿ ಪಶ್ಚಿಮಕ್ಕೆ ತಿರುಗಿದ್ದ ಆಂಟೆನಾಗಳನ್ನು ತಿರುಚಿದರು, ಕೆಲವನ್ನು ಗರಗಸದಿಂದ ಕೊಯ್ದರು. ಗಡಿಯಾಚೆ ಬೆಟ್ಟದ ಮೇಲಿದ್ದ ಪಶ್ಚಿಮದ ಪ್ರಸಾರ ಕೇಂದ್ರದ ಹೆಸರಿನಿಂದ ಈ ಅಭಿಯಾನಕ್ಕೆ 'ಓಕ್ಸನ್‌ಕಾಫ್', ಅಂದರೆ 'ಎತ್ತಿನ ತಲೆ' ಎಂಬ ಹೆಸರು. ಜನ ಏನು ಮಾಡಿದರು? ಆಂಟೆನಾವನ್ನು ಕಳಚಿ ಹೆಂಚಿನ ಕೆಳಗೆ, ಅಟ್ಟದಲ್ಲಿ ಬಚ್ಚಿಟ್ಟು ನೋಡಿದರು. ಆಗ್ನೇಯ ಮೂಲೆಯ ಡ್ರೆಸ್ಡೆನ್ ಸುತ್ತಮುತ್ತ ಮಾತ್ರ ಯಾವ ಆಂಟೆನಾಕ್ಕೂ ಪಶ್ಚಿಮದ ಅಲೆ ಸಿಗುತ್ತಿರಲಿಲ್ಲ. ಆ ಸೀಮೆಗೆ 'ಏನೂ ಅರಿಯದವರ ಕಣಿವೆ' ಎಂದು ಉಳಿದವರು ಅಡ್ಡಹೆಸರಿಟ್ಟಿದ್ದರು.

ಭೂತವೂ ಪ್ರಪಾತವೂ

ಅನಲಾಗ್ ಟಿ.ವಿ. ಒಂದು ವಿಷಯದಲ್ಲಿ ಉದಾರಿ. ಸಂಕೇತ ದುರ್ಬಲವಾದರೆ ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕಿಗಳು ಬರುತ್ತವೆ. ಇನ್ನೂ ದುರ್ಬಲವಾದರೆ ಬಣ್ಣ ಹೋಗುತ್ತದೆ. ಆದರೂ ಮುಖ ಗುರುತಾಗುತ್ತದೆ, ಮಾತು ಕೇಳುತ್ತದೆ. ಕ್ರಿಕೆಟ್ಟಿನ ಚೆಂಡು ಕಾಣದಿದ್ದರೂ ಔಟಾದದ್ದು ತಿಳಿಯುತ್ತದೆ.

ಎದುರಿನ ಕಟ್ಟಡಕ್ಕೆ ಬಡಿದು ಬಂದ ಅಲೆ, ನೇರ ಬಂದ ಅಲೆಗಿಂತ ತಡವಾಗಿ ಮುಟ್ಟಿದರೆ ಚಿತ್ರದ ಪಕ್ಕದಲ್ಲಿ ಮಸುಕಾದ ಇನ್ನೊಂದು ಚಿತ್ರ ಮೂಡುತ್ತದೆ. ಇದಕ್ಕೆ 'ಭೂತ' ಎಂದೇ ಹೆಸರು. ತಡವೆಂದರೆ ಎಷ್ಟು? 300 ಮೀಟರ್ ಸುತ್ತಿ ಬಂದ ಅಲೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಡ. 52 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಭೂತ ಒಂದು ಸೆಂಟಿಮೀಟರ್ ಬಲಕ್ಕೆ ನಿಲ್ಲುತ್ತದೆ. ಕಣ್ಣಿಗೆ ಕಿರಿಕಿರಿ, ಆದರೆ ನೋಡಲು ಅಡ್ಡಿಯಿಲ್ಲ.

ಡಿಜಿಟಲ್‌ನಲ್ಲಿ ಈ ಉದಾರತೆ ಇಲ್ಲ. ಚಿತ್ರವನ್ನು ಅಂಕಿಗಳಾಗಿ ಮಾಡಿ ಕಳುಹಿಸುತ್ತಾರೆ. ಅಂಕಿಗಳು ಸರಿಯಾಗಿ ಸಿಕ್ಕರೆ ಸ್ಟುಡಿಯೋದಲ್ಲಿ ಕಂಡಷ್ಟೇ ಸ್ವಚ್ಛ ಚಿತ್ರ. ತಪ್ಪುಗಳು ತಿದ್ದಲಾಗದಷ್ಟು ಹೆಚ್ಚಿದರೆ ಚಿತ್ರ ಚೌಕ ಚೌಕವಾಗಿ ಒಡೆದು ಪರದೆ ಕಪ್ಪಾಗುತ್ತದೆ. ನಡುವೆ ಇಳಿಜಾರಿಲ್ಲ, ಪ್ರಪಾತವೇ. ಮಗು ಕೋಣೆಯಲ್ಲಿ ಓಡಾಡಿದರೆ, ಹೊರಗೆ ಬಸ್ಸು ಹಾದುಹೋದರೆ ಅಲೆಗಳ ಹಾದಿ ಬದಲಾಗಿ ಪ್ರಪಾತಕ್ಕೆ ಬಿದ್ದದ್ದುಂಟು. ಹತ್ತು ಮೀಟರ್ ಎತ್ತರದ ತಾರಸಿಯಿಂದ ನೆಲಮಹಡಿಯ ಕೋಣೆಗೆ ಇಳಿಯುವಷ್ಟರಲ್ಲಿ ಸಂಕೇತದ ಬಲ ನೂರನೇ ಒಂದು ಪಾಲಿಗೆ ಕುಸಿಯಬಹುದು. ಅದಲ್ಲದೆ ಗೋಡೆ, ಕಪಾಟು, ಕಿಟಕಿ ಸರಳುಗಳಿಂದ ಪುಟಿದು ಬರುವ ಪ್ರತಿಧ್ವನಿಗಳ ಸಂತೆ ಬೇರೆ.

ಈ ಪ್ರತಿಧ್ವನಿಗೆ ಏನು ಮದ್ದು ಎಂಬುದರಲ್ಲೇ ಅಮೆರಿಕ-ಯೂರೋಪ್‌ಗಳ ದಾರಿ ಕವಲೊಡೆಯಿತು. ವಿಜಾಪುರದ ಗೋಳಗುಮ್ಮಟದ ಒಳಗೆ ನಿಂತು ಮಾತನಾಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಒಬ್ಬ ಗಡಗಡನೆ ಓದುತ್ತಾ ಹೋದರೆ ಹಿಂದಿನ ಪದದ ಮಾರ್ದನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲವೂ ಕಲಸುಮೇಲೋಗರ. ಅದರ ಬದಲು ಸಾವಿರ ಜನ ಬೇರೆ ಬೇರೆ ಸ್ಥಾಯಿಯಲ್ಲಿ, ಒಬ್ಬೊಬ್ಬರೂ ಒಂದೊಂದೇ ಅಕ್ಷರವನ್ನು ಎಳೆದು ಉಚ್ಚರಿಸಿದರೆ? ಮಾರ್ದನಿ ಅದೇ ಅಕ್ಷರದ ಮೇಲೇ ಬಂದು ಬೀಳುತ್ತದೆ, ಗೊಂದಲವಿಲ್ಲ.

ಅಮೆರಿಕ 1996ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಪದ್ಧತಿ ಗಡಗಡನೆ ಓದುವ ಒಬ್ಬನದು. ಅದರ ಒಂದೊಂದು 'ಅಕ್ಷರ' ಸೆಕೆಂಡಿನ ಒಂದು ಕೋಟಿಯ ಒಂದು ಭಾಗಕ್ಕಿಂತಲೂ ಚಿಕ್ಕದು. ಮೇಲೆ ಹೇಳಿದ 300 ಮೀಟರಿನ ಭೂತ ಅಲ್ಲಿ ಹತ್ತಕ್ಕೂ ಹೆಚ್ಚು ಅಕ್ಷರಗಳ ಮೇಲೆ ಬಿದ್ದು ಒದ್ದಾಡಿಸುತ್ತದೆ. ಅದನ್ನು ಅಳಿಸುವ ಹೊಣೆಯೆಲ್ಲ ಸ್ವೀಕರಿಸುವ ಪೆಟ್ಟಿಗೆಯ ಚಿಪ್ಪಿನದು. ಯೂರೋಪಿನ ಪದ್ಧತಿ ಸಾವಿರ ಜನರದು. ಅದರ ಒಂದು ಮಾದರಿಯಲ್ಲಿ 6,817 ಕಿರುವಾಹಕಗಳು ಒಟ್ಟಿಗೆ ಸಾಗುತ್ತವೆ. ಅಲ್ಲಿ ಒಂದು ಅಕ್ಷರದ ಅವಧಿ ಸುಮಾರು 900 ಮೈಕ್ರೋಸೆಕೆಂಡ್. ಒಂದು ಮೈಕ್ರೋಸೆಕೆಂಡಿನ ಭೂತ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಅಮೆರಿಕನ್ನರು ದಡ್ಡರೇನಲ್ಲ. ಅವರ ಪದ್ಧತಿಯಲ್ಲಿ ಕಡಿಮೆ ಶಕ್ತಿಯಿಂದ ಹೆಚ್ಚು ದೂರಕ್ಕೆ ಪ್ರಸಾರ ಮಾಡಬಹುದಿತ್ತು. ವಿಶಾಲ ಬಯಲು, ಒಂಟಿ ಮನೆಗಳ ದೇಶಕ್ಕೆ ಅದು ದೊಡ್ಡ ಲಾಭ. ಮೂರರಲ್ಲಿ ಎರಡು ಪಾಲು ಮನೆಗಳಿಗೆ ಆಗಲೇ ಕೇಬಲ್ ಬಂದಿತ್ತು. ಉಳಿದವರು? ಅವರ ಆಂಟೆನಾ ನೆಲದಿಂದ ಸುಮಾರು 30 ಅಡಿ ಎತ್ತರದಲ್ಲಿ, ಮನೆಯ ಹೊರಗಿರುತ್ತದೆ ಎಂದು ಯೋಜನೆಯ ಲೆಕ್ಕಗಳು ಹಿಡಿದುಕೊಂಡವು. ಅನಲಾಗ್ ಕಾಲದಿಂದ ಬಂದ ಊಹೆಯೇ ಅದು. ಆಗ ಊಹೆ ತಪ್ಪಿದರೂ ಚುಕ್ಕಿ ಚುಕ್ಕಿಯಾಗಿಯಾದರೂ ಚಿತ್ರ ಬರುತ್ತಿತ್ತು.

ಬಾಲ್ಟಿಮೋರ್ ಮತ್ತು ಬರ್ಲಿನ್

ತಕರಾರು ಎತ್ತಿದವರು ಇದ್ದರು. ಸಿಂಕ್ಲೇರ್ ಎಂಬ ಪ್ರಸಾರ ಸಂಸ್ಥೆ 1999ರ ಬೇಸಿಗೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ಎರಡೂ ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ಪ್ರದರ್ಶನ ಏರ್ಪಡಿಸಿತು. ತಾರಸಿಯ ಆಂಟೆನಾ ಅಲ್ಲ, ಕೋಣೆಯೊಳಗಿನ ಸಾದಾ ಆಂಟೆನಾ. ಯೂರೋಪಿನ ಪದ್ಧತಿ ಸುಲಭವಾಗಿ ಚಿತ್ರ ಹಿಡಿಯಿತು. ಅಮೆರಿಕದ ಪೆಟ್ಟಿಗೆಗಳ ಆಂಟೆನಾವನ್ನು ಅತ್ತಿತ್ತ ತಿರುಗಿಸಿ ತಿಣುಕಬೇಕಾಯಿತು. ಯೂರೋಪಿನ ಪದ್ಧತಿಗೂ ಅವಕಾಶ ಕೊಡಿ ಎಂದು ಅದೇ ವರ್ಷ ಸಂಸ್ಥೆ ಆಯೋಗಕ್ಕೆ ಅರ್ಜಿ ಹಾಕಿತು. ಇದು ಬಡ ವೀಕ್ಷಕನ ಮೇಲಿನ ಕರುಣೆಯಿಂದ ಎಂದೇನೂ ತಿಳಿಯಬೇಕಿಲ್ಲ. ಕೇಬಲ್‌ನವರ ಹಂಗಿಲ್ಲದೆ ನೇರ ಮನೆಯೊಳಕ್ಕೆ ತಲುಪುವುದು ಅವರ ವ್ಯಾಪಾರಕ್ಕೂ ಬೇಕಿತ್ತು. 2000ದ ಫೆಬ್ರುವರಿಯಲ್ಲಿ ಆಯೋಗ ಅರ್ಜಿಯನ್ನು ತಳ್ಳಿಹಾಕಿತು. ಪೆಟ್ಟಿಗೆಗಳು ಕ್ರಮೇಣ ಸುಧಾರಿಸುತ್ತವೆ ಎಂಬ ಭರವಸೆ ಇತ್ತು. ಆ ಭರವಸೆ ಸುಳ್ಳಾಗಲಿಲ್ಲ ಎನ್ನುವುದನ್ನೂ ಹೇಳಬೇಕು. 2009ರ ಚಿಪ್ಪುಗಳು 1999ರವುಗಳಿಗಿಂತ ಪ್ರತಿಧ್ವನಿಯನ್ನು ಎಷ್ಟೋ ಚೆನ್ನಾಗಿ ಅಳಿಸುತ್ತಿದ್ದವು.

ಇತ್ತ ಬರ್ಲಿನ್‌ನಲ್ಲಿ ಲೆಕ್ಕ ಶುರುವಾದದ್ದೇ ಕೋಣೆಯಿಂದ. ಬರ್ಲಿನ್-ಬ್ರಾಂಡೆನ್‌ಬುರ್ಗ್ ಪ್ರದೇಶದ ಸುಮಾರು 18 ಲಕ್ಷ ಮನೆಗಳಲ್ಲಿ ಆಂಟೆನಾವನ್ನೇ ನಂಬಿದ್ದವು ಒಂದೂವರೆ ಲಕ್ಷದಷ್ಟು ಮಾತ್ರ. ಹೆಚ್ಚಿನವರು ಕೇಬಲ್ ಅಥವಾ ಉಪಗ್ರಹದ ತಟ್ಟೆಗೆ ಹೋಗಿದ್ದರು. ಆಂಟೆನಾ ಟಿ.ವಿ. ಉಳಿಯಬೇಕಾದರೆ ಅದು ಕೇಬಲ್ಲಿಗಿಂತ ಸಲೀಸಾಗಿರಬೇಕು, ಪೆಟ್ಟಿಗೆ ತಂದು ಒಂದು ಕಡ್ಡಿ ನಿಲ್ಲಿಸಿದರೆ ನಡುಮನೆಯಲ್ಲಿ ಬರಬೇಕು ಎಂದು ಅಲ್ಲಿನವರು ತೀರ್ಮಾನಿಸಿದರು. ಇಟ್ಟ ಹೆಸರೇ 'ಎಲ್ಲೆಡೆ ಟಿ.ವಿ.'. ಅದಕ್ಕಾಗಿ ಎರಡು ಬೆಲೆ ತೆತ್ತರು. ಒಂದು, ಪ್ರಸಾರದ ಶಕ್ತಿಯನ್ನು ಹೆಚ್ಚಿಸಿದರು. ಎರಡು, ಒಂದು ಚಾನೆಲ್ ಜಾಗದಲ್ಲಿ ಆರು ಕಾರ್ಯಕ್ರಮ ತುರುಕಬಹುದಾಗಿದ್ದರೂ ನಾಲ್ಕಕ್ಕೇ ನಿಲ್ಲಿಸಿ, ಉಳಿದ ಸಾಮರ್ಥ್ಯವನ್ನು ತಪ್ಪು ತಿದ್ದಿಕೊಳ್ಳುವುದಕ್ಕೂ ಸಂಕೇತವನ್ನು ಗಟ್ಟಿಮಾಡುವುದಕ್ಕೂ ಮೀಸಲಿಟ್ಟರು.

2002ರ ನವೆಂಬರಿನಲ್ಲಿ ಆರಂಭವಾದ ಬದಲಾವಣೆ 2003ರ ಆಗಸ್ಟ್ 4ರಂದು ಮುಗಿಯಿತು. ಅನಲಾಗ್ ಪ್ರಸಾರವನ್ನು ಪೂರ್ತಿ ನಿಲ್ಲಿಸಿ ಡಿಜಿಟಲ್‌ಗೆ ಹೋದ ಜಗತ್ತಿನ ಮೊದಲ ಮಹಾನಗರ ಪ್ರದೇಶ ಅದು. ಸಮಾಜ ಕಲ್ಯಾಣದ ನೆರವಿನಲ್ಲಿ ಬದುಕುತ್ತಿದ್ದ ಕುಟುಂಬಗಳಿಗೆ ಪೆಟ್ಟಿಗೆಯನ್ನು ಉಚಿತವಾಗಿ ಕೊಟ್ಟರು. ನಗರದಲ್ಲಿ ಕೋಣೆಯ ಆಂಟೆನಾ ಸಾಕಾಯಿತು, ದೂರದ ಹಳ್ಳಿಗಳಿಗೆ ಹೊರಗಿನದು ಬೇಕಾಯಿತು. ಪ್ರಸಾರ ಹೊರಟ ಗೋಪುರಗಳಲ್ಲಿ ಮುಖ್ಯವಾದದ್ದು ಅಲೆಕ್ಸಾಂಡರ್ ಚೌಕದ ಟಿ.ವಿ. ಗೋಪುರ. 368 ಮೀಟರ್ ಎತ್ತರದ ಇದನ್ನು 1969ರಲ್ಲಿ ಕಟ್ಟಿ ಮುಗಿಸಿದ್ದು, ಎಂಟು ವರ್ಷ ಮೊದಲು ಆಂಟೆನಾ ಕೊಯ್ಯಲು ಹುಡುಗರನ್ನು ಅಟ್ಟಿದ್ದ ಅದೇ ಪೂರ್ವ ಜರ್ಮನಿ. ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಖಾಸಗಿ ಚಾನೆಲ್‌ಗಳನ್ನು ಒಲಿಸಲು ಕೊಟ್ಟ ಸಹಾಯಧನ ನಿಯಮಬಾಹಿರ ಎಂದು 2005ರಲ್ಲಿ ಯೂರೋಪಿಯನ್ ಆಯೋಗ ತೀರ್ಪಿತ್ತಿತು. 2017ರಲ್ಲಿ ಇನ್ನೂ ಹೊಸ ಪದ್ಧತಿ ಬಂದಾಗ ಖಾಸಗಿ ಚಾನೆಲ್‌ಗಳಿಗೆ ಬೀಗ ಬಿತ್ತು. ಆರಂಭದಲ್ಲಿ ವರ್ಷಕ್ಕೆ 69 ಯೂರೋ ಕೊಟ್ಟವರಿಗೆ ಮಾತ್ರ ಅವು ಕಾಣುತ್ತಿದ್ದವು.

ಕೂಪನ್ನಿನಲ್ಲಿ ಇಲ್ಲದ ಕಡ್ಡಿ

ಅಮೆರಿಕದ ಕಥೆಗೆ ಮರಳೋಣ. ಅಲ್ಲಿ ಸುಮಾರು ಎರಡು ಕೋಟಿ ಮನೆಗಳು ಆಂಟೆನಾವನ್ನೇ ನಂಬಿದ್ದವು. ಅವರಲ್ಲಿ ಬಡವರ ಪಾಲು ದೊಡ್ಡದು. ವೃದ್ಧರು, ಸ್ಪ್ಯಾನಿಷ್ ಮಾತನಾಡುವ ವಲಸಿಗರು ಕೂಡ ಇದ್ದರು. ಮನೆಯೊಂದಕ್ಕೆ 40 ಡಾಲರ್ ಮೌಲ್ಯದ ಎರಡು ಕೂಪನ್ ಕೊಡುವ ಯೋಜನೆ 2008ರ ಜನವರಿಯಲ್ಲಿ ಶುರುವಾಯಿತು. ಕೂಪನ್ನಿನ ಆಯುಸ್ಸು 90 ದಿನ. ಅದರಿಂದ ಪರಿವರ್ತಕ ಪೆಟ್ಟಿಗೆ ಕೊಳ್ಳಬಹುದು, ಆಂಟೆನಾ ಕೊಳ್ಳುವಂತಿಲ್ಲ! ಈ ಒಂದು ಷರತ್ತಿನಲ್ಲೇ ಯೋಜಕರ ಮನಸ್ಸು ಗೊತ್ತಾಗುತ್ತದೆ. ಆಂಟೆನಾ ಹೇಗೂ ತಾರಸಿಯ ಮೇಲೆ ಇದ್ದೇ ಇದೆಯಲ್ಲ!

ಗಡುವು ಮೊದಲು 2009ರ ಫೆಬ್ರುವರಿ 17 ಎಂದಿತ್ತು. ಜನವರಿಯಲ್ಲೇ ಕೂಪನ್ನಿನ ಹಣ ಖಾಲಿಯಾಗಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತರು. ಹೊಸದಾಗಿ ಅಧಿಕಾರಕ್ಕೆ ಬಂದ ಒಬಾಮಾ ಅವರ ಸರ್ಕಾರ ಕಾನೂನು ತಂದು ಗಡುವನ್ನು ಜೂನ್ 12ಕ್ಕೆ ಮುಂದೂಡಿತು. ಹವಾಯಿ ದ್ವೀಪಗಳು ಮಾತ್ರ ಇದಕ್ಕೆಲ್ಲ ಕಾಯದೆ ಜನವರಿ 15ರಂದೇ ಬದಲಾಗಿದ್ದವು. ಅಲ್ಲಿನ ಹಲೇಕಲಾ ಜ್ವಾಲಾಮುಖಿಯ ಮೇಲಿನ ಹಳೆಯ ಗೋಪುರಗಳನ್ನು ಅಳಿವಿನಂಚಿನ ಪೆಟ್ರೆಲ್ ಎಂಬ ಕಡಲಹಕ್ಕಿ ಗೂಡು ಕಟ್ಟುವ ಮೊದಲೇ ಕೆಡವಬೇಕಿತ್ತು. ಹಕ್ಕಿಯ ಕೋಣೆಯ ಬಗ್ಗೆ ಇದ್ದ ಕಾಳಜಿ ಬಾಡಿಗೆದಾರನ ಕೋಣೆಗೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಜೂನ್ 12ರ ಒಂದೇ ದಿನ ಆಯೋಗದ ಸಹಾಯವಾಣಿಗೆ ಮೂರು ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಫಿಲಡೆಲ್ಫಿಯಾದ ಆರನೇ ಚಾನೆಲ್‌ಗೆ ಶಕ್ತಿಯನ್ನು ನಾಲ್ಕು ಪಟ್ಟು, ಅಂದರೆ 30.6 ಕಿಲೋವಾಟ್‌ಗೆ ಏರಿಸಲು ಅನುಮತಿ ಸಿಕ್ಕಿತು. ಷಿಕಾಗೋದ ಏಳನೇ ಚಾನೆಲ್‌ಗೂ ಇದೇ ಪಾಡಾಗಿತ್ತು. ಅದು ಅದೇ ವರ್ಷ ಯುಎಚ್‌ಎಫ್‌ನ 44ನೇ ಸ್ಥಾನಕ್ಕೆ ಸ್ಥಳಾಂತರವಾಯಿತು. ಒಂದು ಗೇಣಿನ ಬಳೆ ಸಾಕಾಗುವ ಜಾಗ ಅದು. ಆದರೆ ಅಂಗಡಿಗಳು ಈ ಸಂದರ್ಭವನ್ನು ಚೆನ್ನಾಗಿಯೇ ಬಳಸಿಕೊಂಡವು. ಹಳೆಯ ಆಂಟೆನಾಗಳಿಗೇ 'ಡಿಜಿಟಲ್ ಆಂಟೆನಾ' ಎಂಬ ಚೀಟಿ ಅಂಟಿ ಬೆಲೆ ಏರಿತು. ಲೋಹದ ಕಡ್ಡಿಗೆ ಅನಲಾಗ್ ಯಾವುದು, ಡಿಜಿಟಲ್ ಯಾವುದು ಎಂಬ ಭೇದ ಇಲ್ಲ. ಅದಕ್ಕೆ ತಿಳಿಯುವುದು ಅಲೆಯ ಉದ್ದ ಒಂದೇ.

ಆ ಮೇಲೂ ಜಾಗ ಕಿರಿದಾಗುತ್ತಲೇ ಹೋಯಿತು. ಮೊಬೈಲ್ ಕಂಪನಿಗಳಿಗೆ ತರಂಗಾಂತರ ಬೇಕಿತ್ತು. 2017ರಲ್ಲಿ ಮುಗಿದ ಹರಾಜಿನಲ್ಲಿ ಯುಎಚ್‌ಎಫ್‌ನ ದೊಡ್ಡ ಭಾಗ ಸುಮಾರು 1,980 ಕೋಟಿ ಡಾಲರ್‌ಗೆ ಮಾರಾಟವಾಯಿತು. ಒಂದು ಸಾವಿರದಷ್ಟು ಕೇಂದ್ರಗಳು 2020ರ ಹೊತ್ತಿಗೆ ಚಾನೆಲ್ ಬದಲಿಸಬೇಕಾಯಿತು. ಕೆಲವು ಮತ್ತೆ ವಿಎಚ್‌ಎಫ್‌ಗೇ ಇಳಿದವು.

ಬೆಂಗಳೂರಿನ ಚಿಪ್ಪು

1999ರಲ್ಲಿ ಸೋತ ವಾದ ಹದಿನೆಂಟು ವರ್ಷಗಳ ನಂತರ ಗೆದ್ದಿತು. 2017ರ ನವೆಂಬರಿನಲ್ಲಿ ಅಮೆರಿಕದ ಆಯೋಗ ಹೊಸ ಪೀಳಿಗೆಯ ಪ್ರಸಾರ ಪದ್ಧತಿಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ತಿರುಳು ಸಾವಿರಾರು ಕಿರುವಾಹಕಗಳ ಪದ್ಧತಿಯೇ. ಮುಂದೆ ನಿಂತು ಒತ್ತಾಯಿಸಿದವರಲ್ಲಿ ಅದೇ ಸಿಂಕ್ಲೇರ್ ಸಂಸ್ಥೆಯೂ ಇತ್ತು. ಇಲ್ಲಿಗೆ ನಮ್ಮ ನಾಡಿನ ನಂಟೂ ಬಂತು. ಆ ಪದ್ಧತಿಯನ್ನು ಮೊಬೈಲಿನಲ್ಲೂ ಹಿಡಿಯಬಲ್ಲ ಚಿಪ್ಪನ್ನು ಸಿಂಕ್ಲೇರ್‌ನ ಅಂಗಸಂಸ್ಥೆಯ ಜೊತೆಗೂಡಿ ವಿನ್ಯಾಸ ಮಾಡಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. 2018ರ ಡಿಸೆಂಬರಿನಲ್ಲಿ ಅದು ಬಿಡುಗಡೆಯಾಯಿತು. ಹೆಸರು ಪೃಥ್ವಿ-3.

ಕರ್ನಾಟಕದಲ್ಲಿ ಟಿ.ವಿ. ಮೊದಲು ಕಾಲಿಟ್ಟಿದ್ದು ರಾಜಧಾನಿಗೆ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿದ್ದವು. ಅವುಗಳಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಅಲ್ಲಿ ಆಂಟೆನಾ ಎಂದರೆ ಕೋಳಿ ಗೂಡಿನ ಬಲೆಯಿಂದ ಮಾಡಿದ ಹತ್ತು ಅಡಿಯ ತಟ್ಟೆ. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆಮೇಲಿನ ಹದಿನೈದು ವರ್ಷ ಮೀನಿನ ಮುಳ್ಳಿನ ಕಾಲ. ಬೂಸ್ಟರ್ ಹಾಕಿಸಿಕೊಂಡವನು ಊರಿಗೇ ದೊಡ್ಡವನು. ಪ್ರಸಾರ ಗೋಪುರದ ಹತ್ತಿರದ ಬಡಾವಣೆಗಳಲ್ಲಿ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಪೆಟ್ಟಿಗೆಯ ಹಿಂಬದಿಯ ಮಡಚುವ ಕಡ್ಡಿಯಲ್ಲೇ ಜನ ವಾರ್ತೆ, ಚಿತ್ರಗೀತೆ ಎಲ್ಲವನ್ನೂ ನೋಡಿದರು. ಅದು ನಮ್ಮ ಮೊಲದ ಕಿವಿ.

ಕೇಬಲ್ ಬಂತು, 2004ರ ಡಿಸೆಂಬರಿನಲ್ಲಿ ದೂರದರ್ಶನದ್ದೇ ಉಚಿತ ಉಪಗ್ರಹ ಸೇವೆ ಬಂತು. ತಾರಸಿಯ ಮುಳ್ಳುಗಳು ಗುಜರಿಗೆ ಹೋದವು. 2016ರ ಫೆಬ್ರುವರಿಯಲ್ಲಿ ದೂರದರ್ಶನ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ಆಂಟೆನಾದಿಂದಲೇ ಹಿಡಿಯಬಹುದಾದ ಡಿಜಿಟಲ್ ಪ್ರಸಾರ ಆರಂಭಿಸಿತು. ಅದನ್ನು ಹಿಡಿಯಲು ಮೊಬೈಲಿಗೋ ಟಿ.ವಿ.ಗೋ ಪ್ರತ್ಯೇಕ ಸಾಧನ ಬೇಕಿತ್ತು. ಪ್ರಸಾರ ಶುರುವಾದದ್ದು ಬೆಂಗಳೂರಿನಲ್ಲೇ ಬಹಳ ಜನರಿಗೆ ಗೊತ್ತಾಗಲಿಲ್ಲ ಎಂದರೆ ತಪ್ಪಾಗಲಾರದು. 2022ರ ಮಾರ್ಚ್ ಹೊತ್ತಿಗೆ ಗಡಿ ಮುಂತಾದ ಆಯಕಟ್ಟಿನ ಸ್ಥಳಗಳ ಸುಮಾರು 50 ಕೇಂದ್ರಗಳನ್ನು ಬಿಟ್ಟು ದೇಶದ ಉಳಿದ ಅನಲಾಗ್ ಪ್ರಸಾರವೆಲ್ಲ ನಿಂತಿತು. ಅಮೆರಿಕದಂತೆ ಗಡುವಿಲ್ಲ, ಕೂಪನ್ ಇಲ್ಲ, ಸಹಾಯವಾಣಿಗೆ ಲಕ್ಷ ಕರೆಗಳೂ ಇಲ್ಲ. ಉಚಿತ ಟಿ.ವಿ. ಬೇಕೆನ್ನುವವರಿಗೆ ಉಪಗ್ರಹದ ತಟ್ಟೆ ಉಳಿದಿದೆ. ಆದರೆ ತಟ್ಟೆಗೆ ಬಯಲು ಆಕಾಶ ಕಾಣಬೇಕು. ಅದನ್ನು ನಿಲ್ಲಿಸಲು ಬಾಲ್ಕನಿಯೋ ತಾರಸಿಯೋ ಬೇಕು, ಇಲ್ಲವೇ ಮನೆ ಮಾಲೀಕರ ಒಪ್ಪಿಗೆ ಬೇಕು.

2023ರಲ್ಲಿ ಬೆಂಗಳೂರು, ನೋಯ್ಡಾ ಮತ್ತು ದೆಹಲಿಯ ಕರ್ತವ್ಯಪಥಗಳಲ್ಲಿ ಇಂಟರ್ನೆಟ್ ಇಲ್ಲದೆಯೇ ಮೊಬೈಲಿಗೆ ನೇರ ಟಿ.ವಿ. ಪ್ರಸಾರ ಮಾಡುವ ಪ್ರಯೋಗಗಳು ನಡೆದವು. ಆ ಹೊಸ ಅಮೆರಿಕನ್ ಪದ್ಧತಿ ಮತ್ತು ಸಾಂಖ್ಯದ ಚಿಪ್ಪು ಇವುಗಳ ಆಧಾರ. ತಮ್ಮ ಡೇಟಾ ವ್ಯಾಪಾರಕ್ಕೆ ಹೊಡೆತ ಬೀಳುವ ಮೊಬೈಲ್ ಸೇವಾ ಕಂಪನಿಗಳು ಇದನ್ನು ವಿರೋಧಿಸಿವೆ. ಇಲ್ಲಿ ಆಂಟೆನಾ ಕೋಣೆಯ ಒಳಗಷ್ಟೇ ಅಲ್ಲ, ಅಂಗಿಯ ಜೇಬಿನ ಒಳಗಿರಬೇಕು. ಯುಎಚ್‌ಎಫ್‌ನ 50 ಕೋಟಿ ಕಂಪನದ ಅಲೆ 60 ಸೆಂಟಿಮೀಟರ್ ಉದ್ದ. ಅದರ ಅರ್ಧ 30. ಮೊಬೈಲ್ ಇರುವುದು 15 ಸೆಂಟಿಮೀಟರ್. ಕೊರತೆ ಬಿದ್ದ ಆ 15 ಸೆಂಟಿಮೀಟರನ್ನು ಎತ್ತರದ ಗೋಪುರವೊಂದರಿಂದ ತುಂಬಲಾಗದು. ಊರೊಳಗೆ ಅಲ್ಲಲ್ಲಿ ಸಣ್ಣ ಪ್ರಸಾರ ಕೇಂದ್ರಗಳನ್ನು ಹೆಣೆಯಬೇಕಾಗುತ್ತದೆ. ಎಷ್ಟು ಕೇಂದ್ರ, ಎಷ್ಟು ಕಿಲೋವಾಟ್ ಎಂದು ಲೆಕ್ಕ ಹಾಕುವವರು ಕೈಯಲ್ಲಿ ಮೊಬೈಲ್ ಹಿಡಿದವನು ಎಲ್ಲಿ ಕುಳಿತಿದ್ದಾನೆಂದು ಭಾವಿಸುತ್ತಾರೆ ಎಂಬುದರ ಮೇಲೆ ಆ ಸಂಖ್ಯೆ ನಿಂತಿದೆ. ಬಯಲಿನ ಬಸ್ ನಿಲ್ದಾಣದಲ್ಲಿ ಎಂದರೆ ಕೆಲವೇ ಕೇಂದ್ರ ಸಾಕು. ನೆಲಮಹಡಿಯ ಹಿಂಬದಿ ಕೋಣೆಯಲ್ಲಿ ಎಂದರೆ ಅದರ ಎಷ್ಟೋ ಪಟ್ಟು ಬೇಕು.